ಸೂಜಿ ಬೇಡ ಅಂದ ಡಾಕ್ಟರು

ನನ್ನ ಮೊಮ್ಮಗಳ ಕೆಲಸ ಉಳಿಯಿತು. ಇನ್ನೊಂದು ವರ್ಷ ಅವಳು ಬನಶಂಕರಿಯ ಅದೇ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಡಾಕ್ಟರಾಗಿ ಕೂರುತ್ತಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಬರೆಯಲು ನನಗೆ ಕೈ ಓಡುವುದಿಲ್ಲ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. ಖುಷಿ ಹೆಚ್ಚಾದಾಗ ಅಕ್ಷರಗಳು ಒಂದರ ಮೇಲೊಂದು ಬೀಳುತ್ತವೆ.

ಅವಳು ಓದಿದ್ದು ಕಿರ್ಗಿಸ್ತಾನದಲ್ಲಿ. ಆ ಹೆಸರು ನನ್ನ ಬಾಯಲ್ಲಿ ಈಗಲೂ ನೆಟ್ಟಗೆ ಹೊರಳುವುದಿಲ್ಲ. ವಾಪಸ್ಸು ಬಂದು, ಹೊರದೇಶದಲ್ಲಿ ಓದಿದ ಡಾಕ್ಟರುಗಳಿಗೆಂದೇ ಇಡುವ ಪರೀಕ್ಷೆ ಪಾಸು ಮಾಡಿ, ಆಸ್ಪತ್ರೆಯಲ್ಲಿ ತರಬೇತಿ ಮುಗಿಸಿ, ಈ ಕೇಂದ್ರಕ್ಕೆ ಒಂದು ವರ್ಷದ ಗುತ್ತಿಗೆಯ ಮೇಲೆ ಸೇರಿದ್ದಳು. ಗುತ್ತಿಗೆ ಮುಗಿಯುವ ಹೊತ್ತಿಗೆ ಸರಿಯಾಗಿ ದೂರು ಬಂತು. ಈ ಡಾಕ್ಟರಿಗೆ ಸೂಜಿ ಹಾಕಲು ಬರುವುದಿಲ್ಲ, ಡಿಗ್ರಿ ಹೊರಗಿನಿಂದ ಕೊಂಡು ತಂದದ್ದು ಎಂದು.

ದೂರಿನಲ್ಲಿ ಮುಂದೆ ನಿಂತಿದ್ದವಳು ನಾನು ದಿನಾ ಮಲ್ಲಿಗೆ ಕೊಳ್ಳುವ ಹೂವಿನಾಕೆ. ಡಾಕ್ಟರು ನನ್ನ ಮೊಮ್ಮಗಳೆಂದು ಅವಳಿಗೆ ಗೊತ್ತಿರಲಿಲ್ಲ. ಮೊಳ ಹಾಕುತ್ತಲೇ ನನಗೇ ಹೇಳಿದ್ದಳು.

"ಮೈ ಕೆಂಡ ಆಗಿತ್ತಮ್ಮ. ಒಂದು ಸೂಜಿ ಹಾಕವ್ವ ಅಂದ್ರೆ ಬೇಡ ಅಂದ್ಬಿಟ್ಳು. ಸೂಜಿ ಹಾಕ್ದೇ ಇರೋಳು ಎಂಥಾ ಡಾಕ್ಟ್ರು?"

ನಾನು ಹೂವು ತೆಗೆದುಕೊಂಡು ಸುಮ್ಮನೆ ಬಂದೆ. ನಿಜ ಹೇಳಬೇಕೆಂದರೆ, ಸೂಜಿ ಹಾಕಿಸಿಕೊಳ್ಳದೆ ನನಗೂ ಜ್ವರ ಬಿಟ್ಟಂತೆ ಅನ್ನಿಸುವುದಿಲ್ಲ.

ನಿನ್ನೆ ಬೆಳಿಗ್ಗೆ ಕೇಂದ್ರದಲ್ಲಿ ಸಭೆ. ದೂರು ಕೊಟ್ಟವರು, ಆರೋಗ್ಯ ಇಲಾಖೆಯ ಕಚೇರಿಯಿಂದ ಬಂದ ಸಾಹೇಬರು, ಕೇಂದ್ರದ ಹಿರಿಯ ಡಾಕ್ಟರಮ್ಮ ಎಲ್ಲ ಇದ್ದರು. ಹೊರಡುವಾಗಲೇ ಮೊಮ್ಮಗಳು ಹೇಳಿದ್ದಳು, "ಬಾ ಅಜ್ಜಿ, ಆದ್ರೆ ಬಾಯಿ ಬಿಡಬೇಡ. ಮನೆಯವ್ರು ಮಾತಾಡಿದ್ರೆ ನನಗೇ ತೊಂದ್ರೆ." ನಾನು ಹಿಂದಿನ ಬೆಂಚಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು ಕೂತೆ. ಅವಳು ಗೋಡೆಗೆ ಒರಗಿ ನಿಂತಿದ್ದಳು, ಪರೀಕ್ಷೆಯ ಫಲಿತಾಂಶದ ದಿನ ನಿಂತಂತೆಯೇ.

ಸಾಹೇಬರಿಗೆ ಅವಸರವಿತ್ತು. "ಇಷ್ಟು ಜನ ಬೇಡ ಅಂದ್ಮೇಲೆ ಬೇರೆಯವ್ರನ್ನ ಹಾಕೋಣ ಬಿಡಿ. ಫಾರಿನ್‌ನಲ್ಲಿ ಓದಿದವ್ರದ್ದು ಎಲ್ಲಾ ಕಡೆ ಇದೇ ಗೋಳು."

ನಾನು ಸೆರಗನ್ನು ಹಲ್ಲಲ್ಲಿ ಕಚ್ಚಿ ಹಿಡಿದೆ.

"ಒಂದು ನಿಮಿಷ ಸಾರ್," ಅಂದರು ಹಿರಿಯ ಡಾಕ್ಟರಮ್ಮ. "ಸುಮ್‌ಸುಮ್ನೆ ಸೂಜಿ ಹಾಕಬಾರ್ದು ಅನ್ನೋದು ನಾನು ಮಾಡಿದ ರೂಲ್ಸು. ಇಲ್ಲೇ ಬೆಂಗಳೂರಲ್ಲಿ ಓದಿದ ನಮ್ಮ ಇನ್ನೊಬ್ಬ ಡಾಕ್ಟ್ರೂ ಹಾಕಲ್ಲ. ಅವ್ರ ಮೇಲೆ ಯಾಕೆ ದೂರಿಲ್ಲ?" ಹೂವಿನಾಕೆಯ ಕಡೆ ತಿರುಗಿದರು. "ನೀನೇ ಹೇಳಕ್ಕ, ಅವ್ರು ನಿನಗೆ ಯಾವತ್ತಾದ್ರೂ ಹಾಕಿದಾರಾ?"

ಅವಳು ಯೋಚಿಸಿದಳು. "ಇಲ್ಲ ಮೇಡಂ. ಆದ್ರೆ ಅವ್ರು ಬೇಡ ಅನ್ನಲ್ಲ. ಮೊದ್ಲು ಈ ಮಾತ್ರೆ ಮುಗಿಸಮ್ಮ, ಆಮೇಲೆ ನೋಡೋಣ ಅಂತಾರೆ. ಮಾತ್ರೆ ಮುಗಿಯೋ ಹೊತ್ಗೆ ಜ್ವರಾನೂ ಹೋಗಿರ್ತದೆ. ಈಯಮ್ಮ ಮುಖಕ್ಕೆ ಹೊಡ್ದಂಗೆ ಬೇಡ ಅಂತಾಳೆ."

ಎಲ್ಲರೂ ನಕ್ಕರು. ಮೊಮ್ಮಗಳು ನಗಲಿಲ್ಲ. ನನಗೆ ಆಗ ಹೊಳೆಯಿತು. ಹೊರಡುವಾಗ ಹೋಗುತ್ತೇನೆ ಅನ್ನದೆ ಬರುತ್ತೇನೆ ಅನ್ನುವ ಜನ ನಾವು. ಬಾಗಿಲಿಗೆ ಬಂದವರಿಗೂ ಇಲ್ಲ ಅನ್ನದೆ ಮುಂದೆ ಹೋಗಪ್ಪ ಅನ್ನುತ್ತೇವೆ. ಇವಳು ಆ ದೇಶದಲ್ಲಿ ಅಷ್ಟು ವರ್ಷ, ಕೇಳಿದ್ದಕ್ಕೆ ಹೌದು, ಅಲ್ಲ ಎಂದಷ್ಟೇ ಹೇಳುವ ಮೇಷ್ಟ್ರುಗಳ ಕೈಯಲ್ಲಿ ಓದಿದವಳು. ಪಕ್ಕದ ಮನೆಯವರು ಕಾಫಿ ಕೊಡಲು ಬಂದರೂ ಬೇಡ ಎಂದುಬಿಡುತ್ತಿದ್ದಳು. ಡಾಕ್ಟರೆಂದರೆ ಹೀಗೇ ಇರಬೇಕೆಂದು ನಾನೂ ಹೆಮ್ಮೆಪಟ್ಟಿದ್ದೆ.

"ಸಾರ್, ಇವಳಿಗೆ ವೈದ್ಯ ಮಾಡೋಕೆ ಗೊತ್ತಿಲ್ದಿದ್ರೆ ನಾನೇ ಕಳಿಸ್ತಿದ್ದೆ," ಅಂದರು ಹಿರಿಯ ಡಾಕ್ಟರಮ್ಮ. "ಅದು ಚೆನ್ನಾಗಿ ಗೊತ್ತಿದೆ. ಇಲ್ಲಿನವ್ರ ಹತ್ರ ಹೆಂಗೆ ಮಾತಾಡ್ಬೇಕು ಅಂತ ಯಾರೂ ಹೇಳಿಕೊಡ್ಲಿಲ್ಲ. ಸೇರಿದ ದಿನಾನೇ ಒಂಟಿಯಾಗಿ ಕೂರಿಸಿದ್ವಿ. ಅದು ನಮ್ಮ ತಪ್ಪು. ಇನ್ಮೇಲೆ ಹೊರಗಡೆ ಓದಿದವ್ರು ಯಾರೇ ಬರ್ಲಿ, ಮೊದ್ಲ ತಿಂಗಳು ನನ್ನ ಪಕ್ಕ ಕೂರ್ಲಿ. ಆದ್ರೆ ಇವಳನ್ನ ಕಳಿಸೋಕೆ ನಾನು ಒಪ್ಪಲ್ಲ."

ನನ್ನ ಸೆರಗಿನ ತುದಿ ಒದ್ದೆಯಾಗಿತ್ತು. ಮೊಮ್ಮಗಳು ಗೋಡೆ ಬಿಟ್ಟು ಹೂವಿನಾಕೆಯ ಹತ್ತಿರ ಬಂದಳು.

"ಆವತ್ತಿನ ಜ್ವರ ಏನಾಯ್ತಕ್ಕ?"

"ಮೂರ್ನೇ ದಿನಕ್ಕೆ ಬಿಡ್ತು," ಅಂದಳು ಅವಳು, ತಲೆ ತಗ್ಗಿಸಿ.

ಸಾಹೇಬರಿಗೂ ನಗು ಬಂತು. "ಈಗ ನೀನೇ ಹೇಳಮ್ಮ. ಈ ಡಾಕ್ಟ್ರು ಇರ್ಲಾ, ಕಳಿಸೋಣಾ?"

"ಇರ್ಲಿ ಬಿಡಿ ಸಾರ್. ಮೊದ್ಲು ಇನ್ನೊಂದು ವರ್ಷ ಆಗ್ಲಿ, ಆಮೇಲೆ ನೋಡೋಣ."

ಸಾಹೇಬರು ಒಂದು ವರ್ಷ ಮುಂದುವರಿಸಿ ಎಂದು ಬರೆಸಿದರು. ಹೊರಗೆ ನಾನು ಮೊಮ್ಮಗಳ ಕೈ ಹಿಡಿದು ಅಳುವುದನ್ನು ಹೂವಿನಾಕೆ ನೋಡಿದಳು. "ನಿಮ್ಮ ಮೊಮ್ಮಗಳಾ? ಮೊದ್ಲೇ ಹೇಳ್ಬಾರ್ದಾ ಅಮ್ಮ. ನಾನು ಎಷ್ಟೆಲ್ಲ ಬೈದೆ, ನೀವು ಹೂವು ತಗೊಂಡು ಹೋಗ್ತಾನೇ ಇದ್ರಿ," ಎಂದು ನನ್ನನ್ನೇ ಗದರಿದಳು.

ಸಂಜೆ ಹೋಳಿಗೆ ಮಾಡಿದೆ. ಮಗ, ಸೊಸೆ, ಮೊಮ್ಮಗಳು, ನಾನು, ಎಲ್ಲ ಒಟ್ಟಿಗೆ ನೆಲದ ಮೇಲೆ ಕೂತೆವು. ಮೊಮ್ಮಗಳ ಎಲೆಗೆ ಇನ್ನೊಂದು ಹೋಳಿಗೆ ಹಿಡಿದೆ. ಅವಳು ಕೈ ಅಡ್ಡ ಹಿಡಿದು ಬಾಯಿ ತೆರೆದಳು. ನಾವೆಲ್ಲ ಅವಳನ್ನೇ ನೋಡಿದೆವು.

"ಮೊದ್ಲು ಇದನ್ನ ಮುಗಿಸ್ತೀನಿ ಅಜ್ಜಿ," ಅಂದಳು, "ಆಮೇಲೆ ನೋಡೋಣ."

ನನ್ನ ಮಗ ನಕ್ಕೂ ನಕ್ಕೂ ನೀರು ಕುಡಿಯಬೇಕಾಯಿತು. ನಾನು ಹೋಳಿಗೆ ಹಾಕಿ, ಮೇಲೆ ತುಪ್ಪವನ್ನೂ ಬಡಿಸಿದೆ.