ಇಳಿಜಾರಿನಲ್ಲಿ ನಿಂತ ಟ್ರ್ಯಾಕ್ಟರ್

ನಮ್ಮ ಒಂದೂವರೆ ಎಕರೆ ತೆಂಗಿನ ತೋಟದಲ್ಲಿ ಹುಲ್ಲು ಸೊಂಟದವರೆಗೆ ಬಂದಿತ್ತು. ಟ್ರ್ಯಾಕ್ಟರ್ ತರುವುದೆಂದಾಯಿತು. ಹೊಸದೋ ಹಳೆಯದೋ ಎಂಬುದೇ ತಲೆಬಿಸಿ.

ಪುತ್ತೂರಿನ ಅಂಗಡಿಯಲ್ಲಿ ಹೊಸದನ್ನು ನೋಡಿದೆ. ಹುಲ್ಲು ಕತ್ತರಿಸುವಾಗ ಸೀಟಿನಿಂದ ಎದ್ದರೆ ಅದರ ಇಂಜಿನ್ ತಾನಾಗಿ ಆಫ್ ಆಗುತ್ತದಂತೆ. ನಾನೋ ಹತ್ತು ಹೆಜ್ಜೆಗೊಮ್ಮೆ ಇಳಿದು, ಬಿದ್ದ ತೆಂಗಿನ ಮಡಲು ಎಳೆದು ಹಾಕಬೇಕಾದವನು.

ಆಮೇಲೆ ನಮ್ಮ ರಾಮಕುಂಜದಲ್ಲೇ ನೆರೆಮನೆಯ ಲಿಂಗಪ್ಪಣ್ಣನ ಹಳೆಯದನ್ನು ನೋಡಲು ಹೋದೆ. ಅದು ಅಂಗಳದಾಚೆಯ ಇಳಿಜಾರಿನಲ್ಲಿ, ಒಂದು ಚಕ್ರಕ್ಕೆ ಮುರಕಲ್ಲು ಒತ್ತಿಕೊಂಡು ನಿಂತಿತ್ತು. ಅವರು ಹತ್ತಿ ಕೂತು, ನನ್ನಿಂದ ಕಲ್ಲು ತೆಗೆಸಿದರು. ಟ್ರ್ಯಾಕ್ಟರ್ ಉರುಳಿತು, ಕೆಮ್ಮಿತು, ಸ್ಟಾರ್ಟ್ ಆಯಿತು.

"ಎಂತ ಇಂಜಿನ್ ನೋಡಿ ಮಾರಾಯ್ರೆ!"

"ಹೊಸ ಬ್ಯಾಟರಿ ಹಾಕಿದರೆ ಉರುಳಿಸದೆ ಸ್ಟಾರ್ಟ್ ಆಗುದಿಲ್ಲವಾ?"

"ಹಾಕಿ ನೋಡಿದ್ದೆ. ಅದಕ್ಕೆ ಬ್ಯಾಟರಿಯ ಅಭ್ಯಾಸ ಇಲ್ಲ."

"ನಮ್ಮಲ್ಲಿ ಪೂರ್ತಿ ಸಮತಟ್ಟು, ಲಿಂಗಪ್ಪಣ್ಣ. ಇಳಿಜಾರೇ ಇಲ್ಲ."

ಅವರು ಸ್ವಲ್ಪ ಯೋಚಿಸಿದರು. "ಹಾಗಾದರೆ ತಕೊಂಡು ಇಲ್ಲೇ ಬಿಡಿ. ಬೇಕಾದಾಗ ಬಂದು ಕಲ್ಲು ತೆಗೆದು ಕೊಂಡುಹೋಗಿ, ಕೆಲಸ ಮುಗಿಸಿ ತಂದು ನಿಲ್ಲಿಸಿ. ಜಾಗಕ್ಕೆ ನಾನು ಬಾಡಿಗೆ ಕೇಳುದಿಲ್ಲ."

ನ್ಯಾಯವೆಂದೇ ಕಂಡಿತು. ಅಲ್ಲೇ ಹಣ ಕೊಟ್ಟೆ.

ಮರುದಿನ ಬೆಳಿಗ್ಗೆ ಉಮೇದಿನಲ್ಲಿ ಹೋದರೆ ಇಳಿಜಾರು ಖಾಲಿ, ಕಲ್ಲು ಮಾತ್ರ ಬಿದ್ದಿತ್ತು. ಲಿಂಗಪ್ಪಣ್ಣನ ಹೆಂಡತಿ ಹೊರಗೆ ಬಂದರು. "ಇವರು ನಮ್ಮ ತೋಟಕ್ಕೆ ಕೊಂಡುಹೋದರು. ಹೇಗೂ ಇಲ್ಲೇ ನಿಂತಿತ್ತಲ್ಲ? ಕೂತುಕೊಳ್ಳಿ, ಚಾ ತರ್ತೇನೆ."

ಅದು ಈಗ ನನ್ನದು ಎಂದು ಹೇಳಬೇಕೋ ಬೇಡವೋ ತಿಳಿಯದೆ ಆ ಕಲ್ಲಿನ ಮೇಲೆ ಕೂತೆ. ಸದ್ಯಕ್ಕೆ ನನ್ನ ವಶಕ್ಕೆ ಬಂದದ್ದು ಅದೊಂದೇ.