ಕೈಗೆ ಹಗುರಾದ ಕ್ಯಾನು

ಕ್ಯಾನಕ್ಕ ಅಂದರೆ ಆ ಕಡೆ ಗೊತ್ತಿಲ್ಲದವರೇ ಇಲ್ಲ! ಹತ್ತೊಂಬತ್ತು ವರ್ಷದಿಂದ ಮನೆ ಮನೆಗೆ ಹೋಗಿ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವವಳು. ಸ್ಕೂಟರಿನ ಹಿಂದೆ ಕ್ಯಾನು, ಅದರೊಳಗೆ ಕೊರೆಯುವಷ್ಟು ತಣ್ಣನೆಯ ದ್ರವ ನೈಟ್ರೋಜನ್ನು, ಅದರಲ್ಲಿ ಮುಳುಗಿರುವ ವೀರ್ಯದ ಸ್ಟ್ರಾಗಳು. ನೈಟ್ರೋಜನ್ ಎಷ್ಟಿದೆ ಅಂತ ಬೇರೆಯವರು ಕೋಲು ಇಳಿಸಿ ನೋಡಿದರೆ, ಇವಳು ಕ್ಯಾನು ಒಮ್ಮೆ ಎತ್ತಿ ಹೇಳಿಬಿಡುತ್ತಿದ್ದಳು. ಆ ಜಂಬ ಸ್ವಲ್ಪ ಇತ್ತು ಅನ್ನಿ.

ಆವತ್ತು ಬೆಳಗ್ಗೆ ದರ್ಜಿಯ ಫೋನು.

"ಅಕ್ಕಾ, ಬೇಗ ಬನ್ನಿ. ನಿನ್ನೆ ಸಂಜೆಯಿಂದ ಹಸು ಬೆದೇಲಿದೆ. ನಮ್ಮತ್ತೆ ಆಗ್ಲೇ ದಲ್ಲಾಳೀನ ಕರೆಸ್ಬಿಟ್ಟಿದ್ದಾರೆ. ಗೊಡ್ಡು ಅಂತ ಇವತ್ತೇ ಸಾಗಹಾಕ್ತಾರಂತೆ!"

ಎರಡು ಸಲ ಕ್ಯಾನಕ್ಕನೇ ಸ್ಟ್ರಾ ಹಾಕಿದ್ದಳು. ಎರಡು ಸಲವೂ ಇಪ್ಪತ್ತೊಂದು ದಿನಕ್ಕೆ ಹಸು ಮತ್ತೆ ಬೆದೆಗೆ ಬಂದಿತ್ತು. ದರ್ಜಿ ಅದನ್ನು ಪುಟ್ಟ ಕರುವಾಗಿದ್ದಾಗಿನಿಂದ ಬಾಟಲಿ ಹಾಲು ಕುಡಿಸಿ ಸಾಕಿದವನು.

ಓಣಿಯ ಬಾಯಿಗೇ ದಲ್ಲಾಳಿಯ ಗಾಡಿ ಅಡ್ಡ ನಿಂತಿತ್ತು. ಸ್ಕೂಟರು ನುಗ್ಗಲು ಜಾಗವಿಲ್ಲ. ಗೊಣಗುತ್ತ ಬೆಲ್ಟು ಬಿಚ್ಚಿ ಕ್ಯಾನು ಎತ್ತಿದಳು.

ಕ್ಯಾನು ಹಗುರ!

ಭುಜ ನೋವು ಅಂತ ಎರಡು ತಿಂಗಳ ಹಿಂದೆ ಸ್ಕೂಟರಿಗೆ ಕಬ್ಬಿಣದ ಸ್ಟ್ಯಾಂಡ್ ಹಾಕಿಸಿದ್ದಳು. ಆಮೇಲೆ ಕ್ಯಾನು ಕೆಳಗಿಳಿದಿದ್ದೇ ಇಲ್ಲ. ತುಂಬಿಸುವುದೂ ಅಲ್ಲೇ, ಸ್ಟ್ರಾ ತೆಗೆಯುವುದೂ ಅಲ್ಲೇ. ಎತ್ತುವುದು ನಿಂತಿತ್ತು, ಕೋಲಿನ ಅಭ್ಯಾಸ ಮೊದಲೇ ಇರಲಿಲ್ಲ.

ಗೋಡೆಯ ಮರೆಗೆ ಹೋಗಿ ಕೋಲು ಇಳಿಸಿದಳು. ನೈಟ್ರೋಜನ್ ಇದ್ದಷ್ಟೆತ್ತರ ಕೋಲಿನ ಮೇಲೆ ಬಿಳಿ ಮಂಜು ಕೂರಬೇಕು. ಹೊರಗೆ ತೆಗೆದು ಗಾಳಿಯಲ್ಲಿ ಬೀಸಿದಳು. ಒಂದು ಬೆರಳಷ್ಟೂ ಇಲ್ಲ. ತುಂಬಿಸಿ ಇನ್ನೂ ಎಂಟೇ ದಿನ! ಸ್ಟ್ಯಾಂಡಿನ ಕುಲುಕಾಟಕ್ಕೆ ಕ್ಯಾನಿನ ಒಳಗೆಲ್ಲೋ ಬಿರುಕು ಬಿಟ್ಟಿದೆ. ಪ್ರತಿ ಸಲ ಮತ್ತೆ ತುಂಬಿಸುವ ಮೊದಲೇ ಒಣಗಿರಬೇಕು. ಒಮ್ಮೆ ಒಣಗಿದರೆ ಸ್ಟ್ರಾ ಸತ್ತ ಹಾಗೇ. ಆಮೇಲೆ ಎಷ್ಟು ತುಂಬಿಸಿದರೂ ಜೀವ ಬರುವುದಿಲ್ಲ.

ಸುಮ್ಮನೆ ಒಂದು ಸ್ಟ್ರಾ ಹಾಕಿ ಹೊರಟರೆ ಯಾರಿಗೆ ಗೊತ್ತಾಗುತ್ತದೆ? ಬಯ್ಗುಳ ತಿನ್ನುವುದು ಹಸು.

ಹಿತ್ತಲಲ್ಲಿ ದಲ್ಲಾಳಿ ಆಗಲೇ ಹಗ್ಗದ ಗಂಟಿಗೆ ಕೈ ಹಾಕಿದ್ದ.

"ಬಂದ್ಯಾ ತಾಯಿ?" ಅಂದರು ಅತ್ತೆ. "ಮೂರನೇ ಸಲದ ಪೂಜೆಗಾ?"

"ಹಗ್ಗ ಬಿಡಿ," ಅಂದಳು ಕ್ಯಾನಕ್ಕ. "ಹಸು ಗೊಡ್ಡಲ್ಲ. ನನ್ನ ಕ್ಯಾನೇ ಹಾಳಾಗಿದೆ. ನಾನು ನೋಡ್ಕೊಂಡಿಲ್ಲ."

"ಅಂದ್ರೆ ಎರಡು ಸಲಾನೂ ಸತ್ತಿದ್ದು ಹಾಕಿ ಹೋದ್ಯಾ?"

"ಹೌದಮ್ಮ. ಹಾಗೇ ಕಾಣುತ್ತೆ."

ದರ್ಜಿ ಕೊರಳಲ್ಲಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ದಲ್ಲಾಳಿ ಕಿಸಕ್ಕನೆ ನಕ್ಕ. "ಮಾರೋದು ತಪ್ಪಿಸೋಕೆ ಒಳ್ಳೆ ಕಥೆ!"

ಕ್ಯಾನಕ್ಕ ಪಕ್ಕದ ಸೀಮೆಯಲ್ಲಿ ಎಲ್ಲರೂ ಮೀಸೆ ಅಂತ ಕರೆಯುವವನಿಗೆ ಫೋನು ಹಚ್ಚಿದಳು. ಅವನದೂ ಇದೇ ಕೆಲಸ. ಇಬ್ಬರಿಗೂ ಎಣ್ಣೆ ಸೀಗೆಕಾಯಿ.

"ಏನಮ್ಮ, ಕೋಲು ಬೇಡದ ರಾಣಿಗೆ ನಾನ್ಯಾಕೆ ಬೇಕಾದೆ?"

"ಆಮೇಲೆ ಆಡ್ಕೋ ಮಾರಾಯ. ಕ್ಯಾನು ತಗೊಂಡು ಬಾ. ಹಸು ಬೆದೆ ಇಳಿಯೋಕೆ ಮುಂಚೆ ಬಾ."

ಮುಕ್ಕಾಲು ಗಂಟೆ. ಕ್ಯಾನಕ್ಕ ಹಸುವಿನ ಹಿಂದಿನಿಂದ ಕದಲಲಿಲ್ಲ. ಬೆನ್ನು ಒತ್ತಿದಾಗಲೆಲ್ಲ ಅದು ಅಲ್ಲಾಡದೆ ನಿಂತರೆ, ಬೆದೆ ಇನ್ನೂ ಇದೆ ಅಂತ ಇವಳಿಗೆ ಉಸಿರು. ಒಮ್ಮೆ ಸರಿದು ನಿಂತಾಗ ಅತ್ತೆ, "ಇಳೀತೇನೋ," ಅಂದರು. ಇವಳು ಮತ್ತೆ ಬೆನ್ನು ಒತ್ತಿದಳು. ನಿಂತಿತು.

ಮೀಸೆ ಬಂದ. ಎಲ್ಲರೆದುರು ಕೋಲು ಇಳಿಸಿ, ಗೇಣುದ್ದ ಮಂಜು ತೋರಿಸಿ ಮೀಸೆ ತಿರುವಿದ. ಕ್ಯಾನಕ್ಕ ಅವನ ಕ್ಯಾನಿನಿಂದ ಒಂದು ಸ್ಟ್ರಾ ಎತ್ತಿದಳು. ಸ್ಟ್ರಾ ಉಗುರು ಬೆಚ್ಚಗಿನ ನೀರಿಗೆ, ಅರ್ಧ ನಿಮಿಷ. ಒರೆಸಿ, ತುದಿ ಕತ್ತರಿಸಿ, ವೀರ್ಯ ಬಿಡುವ ಉದ್ದ ಗನ್ನಿಗೆ ಏರಿಸಿದಳು. ಕೈಗವಸು ಹಾಕಿ ಎಡಗೈ ಒಳಗಿಟ್ಟಳು. ಬಲಗೈಯ ಗನ್ನು ತಡವರಿಸದೆ ಒಳಹೋಗಿ ಜಾಗ ಮುಟ್ಟಿತು. ಹತ್ತೊಂಬತ್ತು ವರ್ಷದ ಕೈ ಅಲ್ಲವೇ!

"ಗಬ್ಬ ನಿಂತಿದೆಯಾ ಅಂತ ಮೂರು ತಿಂಗಳಿಗೆ ಕೈ ಹಾಕಿ ನೋಡ್ತೀನಿ," ಅಂದಳು.

ದರ್ಜಿ ದಲ್ಲಾಳಿಯ ಕೈಯಿಂದ ಹಗ್ಗ ಕಿತ್ತುಕೊಂಡ. "ಅಲ್ಲೀವರೆಗೆ ಇದು ಇಲ್ಲೇ ಇರುತ್ತೆ. ಗಾಡಿ ತೆಗಿಯಪ್ಪ." ಅತ್ತೆ ಮೂತಿ ತಿರುವಿದರು, ಬೇಡ ಅನ್ನಲಿಲ್ಲ.

ಕ್ಯಾನಕ್ಕ ಹೊರಡಲಿಲ್ಲ. ಜಗಲಿಯ ಮೇಲೆ ಕೂತು, ಎರಡು ತಿಂಗಳಲ್ಲಿ ಕರೆದವರ ನಂಬರುಗಳನ್ನು ಹುಡುಕಿದಳು. ನಲವತ್ತಕ್ಕೂ ಹೆಚ್ಚು ಮನೆ. ಮೊದಲನೆಯದಕ್ಕೆ ಹಚ್ಚಿದಳು.

"ಅಣ್ಣಾ, ನಾನು ಕ್ಯಾನಕ್ಕ. ನಿಮ್ಮ ಹಸು ಇನ್ನೂ ಮನೇಲಿದೆಯಾ?"

"ಗೊಡ್ಡು ಅಂತ ಮೊನ್ನೆ ಕೊಟ್ಬಿಟ್ವಲ್ಲಕ್ಕಾ. ಯಾಕೆ?"