ನಾನೇ ಬಿಗಿ ಮಾಡಿದ ಗ್ಲೌವ್

ನಮ್ಮ ಸಾನ್ವಿ ಬರುವ ಸೀಸನ್ನಿಗೂ ಗೋಲ್‌ಕೀಪರ್. ಅದೂ ಮೊದಲನೇ ಗೋಲ್‌ಕೀಪರ್. ಇವತ್ತು ಮಧ್ಯಾಹ್ನ ಕೋಚ್ ಕೀತ್ ಎಲ್ಲರೆದುರಿಗೆ ಹೇಳಿದರು. ನನ್ನ ಮೊಮ್ಮಗಳು, ಹದಿಮೂರು ವರ್ಷದವಳು. ಈ ಸುದ್ದಿ ಮೊದಲು ಹೇಳದಿದ್ದರೆ ಮುಂದಿನದು ಬರೆಯಲಿಕ್ಕೇ ಆಗುತ್ತಿರಲಿಲ್ಲ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಗದಗಿನ ಮಾರುಕಟ್ಟೆ ಯಾರ್ಡಿನಲ್ಲಿ ಇಪ್ಪತ್ತಾರು ವರ್ಷ ಶೇಂಗಾ ಚೀಲದ ಬಾಯಿ ಹೊಲಿದವಳು. ಸಡಿಲ ಕಂಡರೆ ಬಿಗಿಯಬೇಕು, ಇಲ್ಲದಿದ್ದರೆ ಕಾಳು ಸೋರುತ್ತದೆ. ನನ್ನ ಕಸುಬೆಲ್ಲ ಇಷ್ಟೇ. ಈಗ ಇರುವುದು ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡ್‌ನಲ್ಲಿ, ಮಗಳು ಸುಮಾಳ ಮನೆಯಲ್ಲಿ. ಅವಳು ಔಷಧ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ. ಅವಳ ಪಾಳಿ ಇದ್ದ ದಿನ ಅಳಿಯ ಪ್ರಕಾಶ ಕಾರು ಓಡಿಸುತ್ತಾನೆ, ನಾನು ಸಾನ್ವಿಯ ಜೊತೆ ಐಸ್ ಹಾಕಿಗೆ ಹೋಗುತ್ತೇನೆ. ಕಳೆದ ಸೆಪ್ಟೆಂಬರಿನಲ್ಲಿ ಹುಡುಗನೊಬ್ಬನ ಹರಿದ ಪ್ಯಾಡನ್ನು ನಾನು ದಬ್ಬಳದಿಂದ ಹೊಲಿದು ಕೊಟ್ಟೆ. ಅವತ್ತಿನಿಂದ ಟೀಮಿನ ರಿಪೇರಿಯೆಲ್ಲ ನನ್ನದೇ ಆಯಿತು. ಸಂಬಳವಿಲ್ಲ, ಆದರೆ ಕಿಟ್ ರೂಮಿನಲ್ಲಿ ನನಗೊಂದು ಕುರ್ಚಿ ಇದೆ.

ಫೆಬ್ರವರಿಯಲ್ಲಿ ಸಾನ್ವಿಗೆ ಬೇರೊಬ್ಬರು ಬಳಸಿ ಬಿಟ್ಟ ಗ್ಲೌವ್ ಬಂತು. ಐಸ್ ಹಾಕಿಯಲ್ಲಿ ಆಡುವುದು ಚೆಂಡಿನಿಂದಲ್ಲ, ಪಕ್ ಎಂಬ ಕರಿ ರಬ್ಬರ್ ಬಿಲ್ಲೆಯಿಂದ. ಗೋಲ್‌ಕೀಪರ್ ಅದನ್ನು ಎಡಗೈಯ ಈ ದೊಡ್ಡ ಗ್ಲೌವಿನಲ್ಲಿ ಹಿಡಿಯುತ್ತಾಳೆ. ಹೆಬ್ಬೆರಳಿಗೂ ಉಳಿದ ಬೆರಳಿಗೂ ನಡುವೆ ಹೆಣೆದ ಜಾಳಿಗೆ ಜೋಲುಬಿದ್ದಿತ್ತು. ಸಾನ್ವಿ ಸ್ಕೂಲಿಂದ ಬರುವಷ್ಟರಲ್ಲಿ ಲಾಡಿ ಎಳೆದು, ಗಟ್ಟಿ ದಾರ ಹಾಕಿ, ಯಾರ್ಡಿನ ಗಂಟು ಬಿಗಿದುಬಿಟ್ಟೆ. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಏನಿದೆ ಅಂದುಕೊಂಡೆ.

ಮುಂದಿನ ಮೂರು ಪಂದ್ಯ ಸೋತೆವು. ಪಕ್ ಗ್ಲೌವಿಗೆ ಬಡಿಯುತ್ತಿತ್ತು, ಚಿಮ್ಮಿ ಹೊರಗೆ ಬೀಳುತ್ತಿತ್ತು, ಎದುರಿನವರು ಅದನ್ನೇ ಒಳಗೆ ತಳ್ಳುತ್ತಿದ್ದರು. ಗ್ಲೌವ್ ತನ್ನ ಕೈಗೆ ಹೊಸದು, ರೂಢಿಯಾಗಬೇಕು ಎಂದು ಸಾನ್ವಿ ಸುಮ್ಮನಿದ್ದಳು. ಆಮೇಲೆ ಊಟ ಬಿಟ್ಟಳು. ಕೀತ್ ಒಳ್ಳೆಯವರು, ಆದರೂ ಹೇಳಲೇಬೇಕಾಯಿತು. ಈ ಭಾನುವಾರದ್ದು ಸೀಸನ್ನಿನ ಕೊನೆಯ ಪಂದ್ಯ, ಇದರಲ್ಲೂ ಹೀಗೇ ಆದರೆ ಮುಂದಿನ ವರ್ಷ ಗೋಲಿನ ಮುಂದೆ ಬೇರೆಯವರು ನಿಲ್ಲುತ್ತಾರೆ.

ಆ ಭಾನುವಾರ ಇವತ್ತು. ಮೂರು ಭಾಗದ ಆಟದಲ್ಲಿ ಎರಡು ಮುಗಿದಾಗ ಎರಡು-ಎರಡು. ಎರಡು ಗೋಲೂ ಗ್ಲೌವಿನಿಂದ ಚಿಮ್ಮಿದ್ದೇ. ಸಾನ್ವಿ ಕಿಟ್ ರೂಮಿಗೆ ಬಂದವಳೇ ಗ್ಲೌವನ್ನು ನೆಲಕ್ಕೆ ಎಸೆದು ಗೋಡೆಗೆ ಮುಖ ಮಾಡಿ ಕೂತಳು. ನಾನು ಅದನ್ನು ಎತ್ತಿಕೊಂಡು, ಧೂಳು ಒರೆಸಿ, ಮೊದಲನೇ ಸಲ ಅದರೊಳಗೆ ಕೈ ಹಾಕಿದೆ. ಮುಚ್ಚಲಿಲ್ಲ. ಹಲಗೆ ಹಿಡಿದಂತಿತ್ತು. ಒಳಗೆ ನೋಡಿದರೆ ನನ್ನದೇ ಗಂಟು.

ಇವತ್ತು ಪಾಳಿ ಇಲ್ಲವೆಂದು ಸುಮಾನೂ ಬಂದಿದ್ದಳು, ಬಾಗಿಲಲ್ಲೇ ನಿಂತಿದ್ದಳು. ನನ್ನ ಮುಖ ನೋಡಿ ಕೇಳಿದಳು: "ಅವ್ವಾ, ಇದನ್ನ ನೀ ಮುಟ್ಟೀಯೇನು?"

"ಮುಟ್ಟೇನಿ. ಸಡಿಲ ಇತ್ತು, ಬಿಗದೇನಿ."

ಸುಮಾ ತಲೆ ಮೇಲೆ ಕೈ ಇಟ್ಟುಕೊಂಡು ಕೀತ್‌ಗೆ ಇಂಗ್ಲಿಷಿನಲ್ಲಿ ವಿವರಿಸಿದಳು. ಅವರು ಬೈಯಲಿಲ್ಲ. ಗೋಡೆ ಗಡಿಯಾರ ನೋಡಿ, "ಹೌ ಲಾಂಗ್, ಲವ್?" ಅಂದರು. ಇಲ್ಲಿ ಮುದುಕಿಯರನ್ನೂ ಲವ್ ಅಂತಲೇ ಕರೆಯುತ್ತಾರೆ.

"ಟೆನ್ ಮಿನಿಟ್."

"ನಿಮಗಿರೋದು ಎಂಟು."

ದಾರ ಕತ್ತರಿಸಿದೆ, ಲಾಡಿ ಬಿಚ್ಚಿದೆ. ಬಿಚ್ಚುವುದು ಸುಲಭ. ಎಷ್ಟು ಸಡಿಲ ಬಿಡಬೇಕು? ಅದು ನನಗೆ ಗೊತ್ತಿರಲಿಲ್ಲ, ನನ್ನ ಬೆರಳಿಗೂ ಗೊತ್ತಿರಲಿಲ್ಲ. ಗ್ಲೌವನ್ನು ಸಾನ್ವಿಯ ಮುಂದೆ ಹಿಡಿದೆ.

"ಕೈ ಹಾಕು, ಕೂಸ. ನೀ ಹೇಳು, ನಾ ಹೊಲೀತೀನಿ."

ಅವಳು ನನ್ನ ಕಡೆ ನೋಡಲಿಲ್ಲ, ಆದರೆ ಕೈ ಹಾಕಿದಳು. ಪಕ್ ಒಳಗೆ ಹಾಕಿ ನೋಡಿದಳು. "ಮೋರ್," ಅಂದಳು. ಇನ್ನಷ್ಟು ಬಿಟ್ಟೆ. "ಮೋರ್, ಅಜ್ಜಿ." ಅಜ್ಜಿ ಅಂದಳಲ್ಲ, ಅಷ್ಟಕ್ಕೇ ಜೀವ ಬಂತು. ಹೊರಗೆ ಸೀಟಿ ಊದಿದಾಗ ಕೊನೆಯ ಗಂಟು ಹಲ್ಲಿನಲ್ಲಿ ಹಿಡಿದು ಎಳೆಯುತ್ತಿದ್ದೆ.

ನಮ್ಮವರು ಒಂದು ಗೋಲು ಹೊಡೆದು ಮೂರು-ಎರಡು ಮಾಡಿದರು. ಕೊನೆಯ ನಿಮಿಷದಲ್ಲಿ ಎದುರಿನ ಹುಡುಗ ಒಬ್ಬನೇ ನುಗ್ಗಿ ಬಂದ. ಸುಮಾ ನನ್ನ ಮೊಣಕೈ ಹಿಂಡುತ್ತಿದ್ದಳು. ಅವನು ಹೊಡೆದ. ಸಾನ್ವಿಯ ಎಡಗೈ ಮೇಲೆದ್ದಿತು, ಅವಳು ಬಿದ್ದಳು. ಪಕ್ ಯಾರಿಗೂ ಕಾಣಲಿಲ್ಲ. ರೆಫರಿ ಸ್ಕೇಟ್ ಮಾಡುತ್ತ ಬಂದು ಬಗ್ಗಿದರು. ಮಲಗಿದಲ್ಲೇ ಸಾನ್ವಿ ನಿಧಾನಕ್ಕೆ ಗ್ಲೌವ್ ತೆರೆದಳು. ಜಾಳಿಗೆಯ ತಳದಲ್ಲಿ ಪಕ್ ಮಲಗಿತ್ತು.

ಇಪ್ಪತ್ತಾರು ವರ್ಷ ಚೀಲ ಹೊಲಿದಾಗ ಚೀಲ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಅದಕ್ಕೇ ನಾನೂ ಯಾರನ್ನೂ ಕೇಳುವುದು ಕಲಿಯಲಿಲ್ಲ. ಒಳಗೆ ಕೈ ಹಾಕುವವರನ್ನು ಕೇಳಿ ದಾರ ಪೋಣಿಸಬೇಕು ಎಂದು ಈ ವಯಸ್ಸಿನಲ್ಲಿ ಕಲಿತೆ.

ಸಂಜೆ ಎಲ್ಲರೂ ಕೂಡಿ ಕೂತೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಪ್ರಕಾಶ, "ಅತ್ತಿ, ನನ್ನ ಕಾರಿನ ಬೆಲ್ಟ್ ಬಿಗದಿಲ್ಲ ಹೌದಲ್ಲ?" ಎಂದು ಕಾಡಿದ. ಸಾನ್ವಿ ನಾಲ್ಕನೇ ರೊಟ್ಟಿಗೆ ಕೈ ಚಾಚಿದಳು. ಅವಳ ದೊಗಳೆ ಸ್ವೆಟರಿನ ತೋಳು ಬೆರಳು ದಾಟಿ ಎಣ್ಣೆಗಾಯಿಯ ಮೇಲೆ ಜೋತುಬಿದ್ದಿತ್ತು. ನನ್ನ ಕೈ ತಾನೇ ಸೊಂಟದ ಸೂಜಿಚೀಲಕ್ಕೆ ಹೋಯಿತು. ತಡೆದುಕೊಂಡೆ.

"ಆ ತೋಳು ಹಂಗೇ ಇರಬೇಕೇನು?"

"ಯಸ್, ಅಜ್ಜಿ."

"ಆತು, ಉಣ್ಣು," ಅಂದು ಅವಳ ತಟ್ಟೆಗೆ ಬೆಣ್ಣೆ ಹಾಕಿದೆ.